ಎರಡು ವರ್ಷ ಮೌತ್‌ವಾಶ್, ಒಂದು ವರ್ಷ ಫ್ಲಾಸ್: ನನ್ನ ಅನುಭವ

ರಾತ್ರಿ ಮಲಗುವ ಮುಂಚೆ ಮುಚ್ಚಳದಲ್ಲಿ 20 ಎಂಎಲ್ ನೀಲಿ ಮೌತ್‌ವಾಶ್ ಅಳೆದು, ಅರ್ಧ ನಿಮಿಷ ಮುಕ್ಕಳಿಸುವುದು ನನಗೆ ತುಂಬಾ ಇಷ್ಟದ ಕೆಲಸವಾಗಿತ್ತು. ವೈಟ್‌ಫೀಲ್ಡ್‌ನಿಂದ ವಿಜಯನಗರದ ತನಕ ಮೆಟ್ರೋದಲ್ಲಿ ನಿಂತೇ ಬಂದು ಸುಸ್ತಾದ ದಿನವೂ ತಪ್ಪಿಸುತ್ತಿರಲಿಲ್ಲ. ಬಾಯಿ ಜುಮ್ ಅಂದರೆ ಎಲ್ಲ ಕ್ಲೀನ್ ಆಯಿತು ಅಂತ ನಂಬಿದ್ದೆ. ಹಲ್ಲಿನ ಸಂದಿ ಕ್ಲೀನ್ ಮಾಡುವ ದಾರಕ್ಕೆ ಫ್ಲಾಸ್ ಅಂತಾರೆ. ಆ ದಾರ ಹೋಗದ ಕಡೆಗೂ ನೀರು ಹೋಗುತ್ತದೆ ಅಲ್ವಾ? ಮತ್ತೆ ಫ್ಲಾಸ್ ಯಾಕೆ?

ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಒಂದು ರಾತ್ರಿ ಉಪ್ಪಿಟ್ಟಿನ ಅವರೆಕಾಳು ಸಿಪ್ಪೆ ದವಡೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ನಾಲ್ಕು ಸಲ ಮುಕ್ಕಳಿಸಿದರೂ ಬರಲಿಲ್ಲ. ತಂಗಿಯ ಫ್ಲಾಸ್ ಡಬ್ಬಿಯಿಂದ ದಾರ ಎಳೆದು ಹಾಕಿದೆ. ಸಿಪ್ಪೆ ಬಂತು, ಜೊತೆಗೆ ಹಳದಿ ಬಣ್ಣದ ಅಂಟು, ಸ್ವಲ್ಪ ರಕ್ತ. ದಾರವನ್ನು ಮೂಗಿನ ಹತ್ತಿರ ಹಿಡಿದೆ. ಕೊಳೆತ ವಾಸನೆ! ಐದು ನಿಮಿಷದ ಹಿಂದಷ್ಟೇ ಪುದೀನಾ ಘಮ ಬರುತ್ತಿದ್ದ ಬಾಯಿ ಅದು.

ಆವತ್ತಿನಿಂದ ಆ ಬಾಟಲಿ ಮೇಲೆ ನನಗೆ ಸಿಟ್ಟು. ಹಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಪ್ಲಾಕ್ ಅಂದರೆ ಹಲ್ಲಿಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾ ಪದರ. ಬಚ್ಚಲು ಕಲ್ಲಿನ ಪಾಚಿ ಇದ್ದ ಹಾಗೆ. ಸುಮ್ನೆ ನೀರು ಸುರಿದರೆ ಹೋಗುವುದಿಲ್ಲ, ಉಜ್ಜಲೇಬೇಕು. ಬಿಟ್ಟರೆ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ. ಆಮೇಲೆ ಅದು ಮನೆಯಲ್ಲಿ ಹೋಗುವುದಿಲ್ಲ, ಕ್ಲಿನಿಕ್ಕಿನಲ್ಲೇ ಕೆರೆಸಬೇಕು. ನಾನೂ ಕೆರೆಸಿಕೊಂಡು ಬಂದೆ.

ಅಮೆರಿಕದಲ್ಲಿ ಇದು ಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಲಿಸ್ಟರಿನ್ ಎಂಬ ಮೌತ್‌ವಾಶ್ ಫ್ಲಾಸ್‌ನಷ್ಟೇ ಕೆಲಸ ಮಾಡುತ್ತದೆ ಎಂದು, ಆಗ ಅದನ್ನು ತಯಾರಿಸುತ್ತಿದ್ದ ಫೈಜರ್ ಕಂಪನಿ ಜಾಹೀರಾತು ಕೊಟ್ಟಿತ್ತು. 2005ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶರು ಆ ಜಾಹೀರಾತನ್ನು ನಿಲ್ಲಿಸಿ ಎಂದರು. (ನಾನು ಬಳಸಿದ್ದು ಬೇರೆ ಬ್ರಾಂಡ್.)

ಈಗ ನನ್ನ ರಾತ್ರಿಯ ಕೆಲಸ ಫ್ಲಾಸ್. ಹೂವಿನವರು ಅಳೆಯುವ ಹಾಗೆ ಒಂದು ಮೊಳ ದಾರ, ಹತ್ತಿರ ಹತ್ತಿರ 45 ಸೆಂಟಿಮೀಟರ್. ಎರಡೂ ಕೈಯ ನಡುಬೆರಳಿಗೆ ಸುತ್ತಿಕೊಳ್ಳಬೇಕು. ಮಧ್ಯೆ ಒಂದಿಂಚು ಬಿಗಿಯಾಗಿ ಹಿಡಿದು, ಆ ಕಡೆ ಈ ಕಡೆ ಮೆಲ್ಲಗೆ ಆಡಿಸುತ್ತಾ ಸಂದಿಗೆ ಇಳಿಸಬೇಕು. ಪಟ್ ಅಂತ ಒತ್ತಿದರೆ ಒಸಡು ಕೊಯ್ಯುತ್ತದೆ. ಹಲ್ಲನ್ನು ತಬ್ಬಿಕೊಳ್ಳುವಂತೆ ದಾರ ಬಗ್ಗಿಸಿ ಮೇಲೆ ಕೆಳಗೆ ಉಜ್ಜಬೇಕು. ಒಂದು ಸಂದಿಗೆ ಎರಡು ಹಲ್ಲು, ಎರಡನ್ನೂ ಉಜ್ಜಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮೊದಮೊದಲು ಹತ್ತು ನಿಮಿಷ ಹಿಡಿಯುತ್ತಿತ್ತು, ಬೆರಳ ತುದಿ ಕೆಂಪಾಗುತ್ತಿತ್ತು. ಈಗ ಮೂರೇ ನಿಮಿಷ. ಎರಡನೇ ವಾರಕ್ಕೆ ರಕ್ತ ಬರುವುದು ನಿಂತಿತು.

ಖರ್ಚೂ ಕಡಿಮೆ. 500 ಎಂಎಲ್ ಬಾಟಲಿ 25 ದಿನಕ್ಕೆ ಮುಗಿಯುತ್ತಿತ್ತು. 50 ಮೀಟರ್ ಫ್ಲಾಸ್ 110 ದಿನ ಬರುತ್ತದೆ.

ಮೌತ್‌ವಾಶ್ ಮೇಲಿನ ಸಿಟ್ಟು ಈಗ ಇಳಿದಿದೆ. ಆಫೀಸಿನಲ್ಲಿ ಈರುಳ್ಳಿ ತಿಂದ ಮಧ್ಯಾಹ್ನ ಅದು ಬೇಕೇ ಬೇಕು. ಆದರೆ ಬ್ರಶ್ ಮಾಡಿದ ಕೂಡಲೇ ಬಳಸುವುದಿಲ್ಲ, ಪೇಸ್ಟಿನ ಫ್ಲೋರೈಡ್ ತೊಳೆದುಹೋಗುತ್ತದೆ. ಅಮ್ಮನಿಗೆ ಹಲ್ಲಿನ ಸಂದಿ ದೊಡ್ಡದು. ಹಾಗಾಗಿ ಡಾಕ್ಟರು ಅವರಿಗೆ ದಾರದ ಬದಲು ಸಂದಿಗೆ ಹಾಕುವ ಪುಟ್ಟ ಬ್ರಶ್ ಕೊಟ್ಟಿದ್ದಾರೆ.

ಈ ವರ್ಷದ ಅವರೆಕಾಯಿ ಬಂದಿದೆ. ನಿನ್ನೆ ರಾತ್ರಿ ಉಪ್ಪಿಟ್ಟು ತಿಂದು, ಅದೇ ದವಡೆ ಹಲ್ಲಿನ ಸಂದಿಗೆ ದಾರ ಹಾಕಿ ಮೂಸಿ ನೋಡಿದೆ. ಅವರೆಯ ಸೊಗಡು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.