ಶ್ಪೆಟ್ಸ್ಲೆಗೆ ಹಲಗೆಯೇ ಸಾಕು: ಹೋಬೆಲ್, ಪ್ರೆಸ್, ಹಲಗೆ ಮೂರನ್ನೂ ಬಳಸಿ ನೋಡಿದ ಮೇಲೆ

ಕೈಮಾ ಉಂಡೆಯ ಜೊತೆಗೆ ಮನೆಯಲ್ಲೇ ಶ್ಪೆಟ್ಸ್ಲೆ, ಅಂದರೆ ದಕ್ಷಿಣ ಜರ್ಮನಿ ಕಡೆಯ ಮೊಟ್ಟೆ ನೂಡಲ್ ಮಾಡಬೇಕು, ಅದಕ್ಕೆ ಏನು ಕೊಳ್ಳಲಿ ಎಂದು ಯೋಚಿಸುತ್ತಿದ್ದರೆ ಒಂದು ಮರದ ಹಲಗೆ, ಒಂದು ಉಕ್ಕಿನ ಕೆರೆಪಟ್ಟಿ ಕೊಳ್ಳಿ. ಹಿಟ್ಟನ್ನು ತೂತುಗಳಿಂದ ನೀರಿಗೆ ಇಳಿಸುವ ಹೋಬೆಲ್ ಬೇಡ. ಹಿಟ್ಟನ್ನು ಒತ್ತಿ ಎಳೆ ತೆಗೆಯುವ ಪ್ರೆಸ್ ಮನೆತುಂಬ ಜನ ಇರುವವರಿಗೆ ಸರಿ. ಮೂರೂ ನನ್ನ ಅಡುಗೆಮನೆಯಲ್ಲಿವೆ, ಒಲೆಯ ಪಕ್ಕಕ್ಕೆ ಬರುವುದು ಹಲಗೆ ಮಾತ್ರ. ಯಾಕೆ ಅಂತ ಹೇಳುತ್ತೇನೆ.

ಊಟ ಯಾವುದು ಎಂಬುದು ಮೊದಲು ಗೊತ್ತಾಗಬೇಕು, ಏಕೆಂದರೆ ನೂಡಲ್ ಆಕಾರ ಅದಕ್ಕೆ ಹೊಂದಬೇಕು. ಒಂದು ಕಡೆ ಆಸ್ಟ್ರಿಯಾದ ಫಶೀರ್ಟೆ ಲೈಬ್‌ಶೆನ್: ಚಪ್ಪಟೆ ತಟ್ಟಿ ಬಾಣಲೆಯಲ್ಲಿ ಕೆಂಪಗೆ ಹುರಿದ ಕೈಮಾ ಬಿಲ್ಲೆ. ಜರ್ಮನಿಯ ಶ್ವಾಬೆನ್ ಸೀಮೆಯಲ್ಲಿ, ಅಂದರೆ ಸ್ಟುಟ್‌ಗಾರ್ಟ್ ಸುತ್ತಮುತ್ತ, ಇದರ ಸೋದರನಂಥ ಫ್ಲೈಶ್‌ಕ್ಯೂಶ್ಲೆ ಇದೆ. ಇನ್ನೊಂದು ಕಡೆ ಕ್ಯೋನಿಗ್ಸ್‌ಬೆರ್ಗರ್ ಕ್ಲೊಪ್ಸೆ: ಹುರಿಯದೆ ಸಾರಿನಲ್ಲಿ (ಮಸಾಲೆಯ ಸಾರಲ್ಲ, ತಿಳಿಯಾದ ಸ್ಟಾಕ್) ಬೇಯಿಸಿ, ಕೇಪರ್ (ಉಪ್ಪಿನಲ್ಲಿಟ್ಟ ಹೂಮೊಗ್ಗು) ಹಾಕಿದ ಬಿಳಿ ಸಾಸ್‌ನಲ್ಲಿ ಬಿಟ್ಟ ಉಂಡೆ. ವಿಯೆನ್ನಾದಲ್ಲಿ ಲೈಬ್‌ಶೆನ್ ಜೊತೆ ಆಲೂಗಡ್ಡೆ ಪ್ಯೂರೆ ಬಡಿಸುತ್ತಾರೆ, ಕ್ಲೊಪ್ಸೆಗೂ ಬೇಯಿಸಿದ ಆಲೂಗಡ್ಡೆಯೇ ರೂಢಿ. ಹುರಿದ ಬಿಲ್ಲೆ, ಕಂದು ಗ್ರೇವಿ, ಶ್ಪೆಟ್ಸ್ಲೆ ಮೂರೂ ಒಂದೇ ತಟ್ಟೆಗೆ ಬರುವುದು ಶ್ವಾಬೆನ್ ಪದ್ಧತಿ. ನನಗೆ ಅದೇ ಇಷ್ಟ. ಗ್ರೇವಿ ಹಿಡಿದಿಡುವ ವಿಷಯದಲ್ಲಿ ಒರಟು ಮೈಯ ನೂಡಲ್ ಮುಂದೆ ಪ್ಯೂರೆ ನಿಲ್ಲುವುದಿಲ್ಲ.

ಹಿಟ್ಟಿನ ಲೆಕ್ಕ ನಾಲ್ಕು ಜನಕ್ಕೆ: ಹಿಟ್ಟು 400 ಗ್ರಾಂ, ಚಿಪ್ಪು ತೆಗೆದ ಮೊಟ್ಟೆ 200 ಗ್ರಾಂ, ಉಪ್ಪು ಒಂದು ಟೀ ಚಮಚ, ನೀರು ಉಪಕರಣಕ್ಕೆ ತಕ್ಕಂತೆ. ಮೊಟ್ಟೆಯನ್ನು ಎಣಿಸಬೇಡಿ, ತೂಗಿ. ಯುರೋಪಿನ ಪಾಕವಿಧಾನದಲ್ಲಿ 4 ಮೊಟ್ಟೆ ಅಂದರೆ ಸಾಮಾನ್ಯವಾಗಿ ಎಂ ಗಾತ್ರದ್ದು, ಚಿಪ್ಪು ಸೇರಿ 53ರಿಂದ 63 ಗ್ರಾಂ. ನಮ್ಮ ಅಂಗಡಿ ಮೊಟ್ಟೆ ಅದಕ್ಕಿಂತ ಚಿಕ್ಕದು. ಎಣಿಸಿ ಹಾಕಿದರೆ ಹಿಟ್ಟು ಗಟ್ಟಿಯಾಗಿ, ಆಮೇಲೆ ನೀರು ಸುರಿದು ಸರಿಮಾಡಬೇಕಾಗುತ್ತದೆ. ಮೊಟ್ಟೆಯ ಪಾಲು ಕಡಿಮೆಯಾದ ಶ್ಪೆಟ್ಸ್ಲೆ ಬೆಂದ ಮೇಲೆ ಮೆತ್ತಗೆ ಅಂಟಂಟಾಗುತ್ತದೆ. ಹಿಟ್ಟು ಆಸ್ಟ್ರಿಯಾದಲ್ಲಾದರೆ "ಗ್ರಿಫಿಗ್", ಜರ್ಮನಿಯಲ್ಲಾದರೆ "ಡೊಪ್ಪೆಲ್‌ಗ್ರಿಫಿಗ್" ಅಂತ ಪೊಟ್ಟಣದ ಮೇಲೆ ಬರೆದಿರುವುದು. ಎರಡೂ ಮೈದಾಗಿಂತ ತರಿತರಿ. ಬೆಂಗಳೂರಿನಲ್ಲಿ 300 ಗ್ರಾಂ ಮೈದಾಕ್ಕೆ 100 ಗ್ರಾಂ ಚಿರೋಟಿ ರವೆ ಸೇರಿಸಿದರೆ ಹದ ತೀರಾ ಹತ್ತಿರ ಬರುತ್ತದೆ. ತರಿ ನೀರು ನಿಧಾನವಾಗಿ ಹೀರುವುದರಿಂದ ಗಂಟು ಕಟ್ಟುವುದಿಲ್ಲ, ಅಗಿಯಲು ಕಸುವು ಇರುತ್ತದೆ. ಆದರೆ ಕಲಸಿದ ಮೇಲೆ ಅರ್ಧ ಗಂಟೆ ಬಿಡಲೇಬೇಕು. ಬಿಡದೆ ಹಾಕಿದರೆ ಒಳಗೆ ರವೆ ಹಲ್ಲಿಗೆ ಸಿಗುತ್ತದೆ.

ಮರದ ಸೌಟಿನಿಂದ ಐದು ನಿಮಿಷ ಬಡಿಯಿರಿ. ಹಿಟ್ಟಿನಲ್ಲಿ ಗುಳ್ಳೆ ಏಳಬೇಕು, ಸೌಟು ಎತ್ತಿದರೆ ನಿಧಾನವಾಗಿ ಎಳೆದುಕೊಂಡು ಇಳಿದು ಕಡಿಯಬೇಕು. ಹಲಗೆಗೆ ಬೇಕಾದ ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಉದ್ದಿನ ವಡೆ ಹಿಟ್ಟಿಗಿಂತ ಸಡಿಲ. ಅದಕ್ಕೆ ನೀರು 100ರಿಂದ 120 ಮಿಲಿ. ಹೋಬೆಲ್‌ಗೆ 150ರ ಆಸುಪಾಸು, ಪ್ರೆಸ್‌ಗೆ 60ರಿಂದ 80 ಸಾಕು. ಒಂದೇ ಹಿಟ್ಟನ್ನು ಮೂರಕ್ಕೂ ಹಾಕಿ "ಇದು ಕೆಲಸ ಮಾಡಲ್ಲ" ಅನ್ನುವವರು ಬಹಳ.

ಇನ್ನು ಹೋಬೆಲ್. ತೂತುಗಳಿರುವ ಉದ್ದನೆಯ ಲೋಹದ ತಟ್ಟೆ, ಅದರ ಮೇಲೆ ಹಿಂದೆ ಮುಂದೆ ಓಡುವ ಸಣ್ಣ ಡಬ್ಬಿ. ಪಾತ್ರೆಯ ಬಾಯಿಗೆ ಅಡ್ಡ ಇಟ್ಟು, ಡಬ್ಬಿಗೆ ಹಿಟ್ಟು ತುಂಬಿ ಸರಿಸಿದರೆ ಹನಿಹನಿಯಾಗಿ ನೀರಿಗೆ ಬೀಳುತ್ತದೆ. ಬೆಲೆ ಕಡಿಮೆ, ನೋಡಲು ಸುಲಭ, ಮೊದಲ ಎರಡು ಡಬ್ಬಿ ಹಿಟ್ಟು ನಿಜಕ್ಕೂ ಚೆನ್ನಾಗಿ ಇಳಿಯುತ್ತದೆ. ತೊಂದರೆ ಮೂರನೆಯದರಿಂದ ಶುರು.

ಕೆಳಗೆ ಕುದಿಯುವ ನೀರು, ಮೇಲೆ ಲೋಹದ ತಟ್ಟೆ. ಹಬೆ ನೇರವಾಗಿ ತಟ್ಟೆಗೆ ಹೊಡೆಯುತ್ತದೆ. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಗಟ್ಟಿಯಾಗಲು ತೊಡಗುತ್ತದೆ, ತಟ್ಟೆ ಆ ಬಿಸಿಗೆ ಏರಲು ಕೆಲವೇ ನಿಮಿಷ ಸಾಕು. ತೂತಿನ ಅಂಚಿಗೆ ಅಂಟಿದ ಹಿಟ್ಟು ಅಲ್ಲೇ ಬೆಂದು ಉಂಗುರದಂತೆ ಕೂರುತ್ತದೆ. ತೂತು ಕಿರಿದಾಗುತ್ತದೆ, ಹನಿ ಸಣ್ಣದಾಗುತ್ತದೆ, ಕೈ ಜೋರಾಗಿ ಒತ್ತಲು ತೊಡಗುತ್ತದೆ. ಒತ್ತಿದಾಗ ಡಬ್ಬಿಯ ಅಡಿಯಿಂದ ಹಿಟ್ಟು ಪಕ್ಕಕ್ಕೆ ನುಗ್ಗಿ ಡಬ್ಬಿ ಓಡುವ ಹಳಿಯಲ್ಲಿ ಸೇರಿ ಅಲ್ಲೂ ಬೇಯುತ್ತದೆ. ಆಮೇಲೆ ಡಬ್ಬಿ ಸಿಕ್ಕಿಕೊಳ್ಳುತ್ತದೆ, ಜಗ್ಗಿದರೆ ಇಡೀ ತಟ್ಟೆ ಪಾತ್ರೆಯಿಂದ ಜಾರುತ್ತದೆ. ಕೆಳಗೆ ಕುದಿಯುವ ನೀರಿದೆ ಎಂಬುದು ನೆನಪಿರಲಿ.

ನೀರು ಹೆಚ್ಚು ಹಾಕಿ ಹಿಟ್ಟು ಸಡಿಲ ಮಾಡಿದರೆ ಪರಿಹಾರ ಅನ್ನಿಸುತ್ತದೆ, ಆದರೆ ಅದು ಪರಿಹಾರವಲ್ಲ. ಸಡಿಲ ಹಿಟ್ಟು ಡಬ್ಬಿ ಸರಿಸುವ ಮೊದಲೇ ಸುರಿಯುತ್ತದೆ, ನೀರಿಗೆ ಬಿದ್ದು ಚೂರಾಗಿ ಗಂಜಿಯಾಗುತ್ತದೆ. ಕೆಲಸ ಮಾಡುವ ಉಪಾಯ ಬೇರೆ. ಹಿಟ್ಟು ಇಳಿಸುವಾಗ ಉರಿ ತಗ್ಗಿಸಿ ನೀರು ಬರೀ ಮಿಸುಕುವಂತೆ ಇಡಿ, ಇಳಿಸಿದ ಮೇಲೆ ಉರಿ ಏರಿಸಿ. ಪ್ರತಿ ಡಬ್ಬಿ ಮುಗಿದ ಕೂಡಲೇ ಹೋಬೆಲನ್ನು ಎತ್ತಿ ತಣ್ಣೀರಿನ ತಟ್ಟೆಯಲ್ಲಿ ಅದ್ದಿ. 24 ಸೆಂಟಿಮೀಟರ್‌ಗಿಂತ ಕಿರಿದಾದ ಪಾತ್ರೆ ಬಳಸಬೇಡಿ. ಕಿರಿಬಾಯಿಯನ್ನು ತಟ್ಟೆಯೇ ಮುಚ್ಚಿಬಿಟ್ಟರೆ ಹಬೆಗೆ ಹೊರದಾರಿಯೇ ಇರುವುದಿಲ್ಲ. ಇಷ್ಟೆಲ್ಲ ಮಾಡಿದರೆ ಹೋಬೆಲ್ ನಡೆಯುತ್ತದೆ, ಆದರೆ ಎತ್ತು, ಅದ್ದು, ಒರೆಸು, ಇಡು ಎಂಬ ಸರಣಿಯಲ್ಲಿ ಹಲಗೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸುಲಭ ಎಂಬ ಒಂದೇ ಕಾರಣಕ್ಕೆ ಕೊಳ್ಳುವ ವಸ್ತು ಅದು; ಆ ಸುಲಭವೇ ಹೋದರೆ ಉಳಿಯುವುದೇನು?

ತೊಳೆಯುವಾಗ ಮೂರಕ್ಕೂ ಒಂದೇ ನಿಯಮ: ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಅಲ್ಲೇ ಬೆಂದು ತೂತಿನಲ್ಲಿ ಕಚ್ಚುತ್ತದೆ.

ಪ್ರೆಸ್ ಗಟ್ಟಿಮುಟ್ಟಾದ ಸಾಧನ. ಉದ್ದ ಹಿಡಿಗಳು, ನಡುವೆ ಹಿಟ್ಟಿನ ಬಟ್ಟಲು. ಒತ್ತಿದರೆ ಒಂದೇ ದಪ್ಪದ ಉದ್ದ ಎಳೆ ಬರುತ್ತದೆ, ಒಂದು ಒತ್ತಿಗೆ ಒಬ್ಬರ ಪಾಲು. ಎಂಟು ಹತ್ತು ಜನಕ್ಕೆ ಮಾಡುವವರಿಗೆ ಇದರ ಮುಂದೆ ಬೇರೆ ಇಲ್ಲ. ನನ್ನ ದೂರು ಎರಡು. ಎಳೆ ನುಣುಪು, ಗ್ರೇವಿ ಜಾರುತ್ತದೆ. ಮತ್ತು ಒಳ್ಳೆಯ ಉಕ್ಕಿನದಕ್ಕೆ ಹಲಗೆಯ ಹಲವು ಪಟ್ಟು ಬೆಲೆ. ಅಗ್ಗದ ಅಲ್ಯೂಮಿನಿಯಂ ಪ್ರೆಸ್ಸನ್ನು ಡಿಶ್‌ವಾಷರ್‌ಗೆ ಹಾಕಿದರೆ ಅದರ ಕ್ಷಾರದ ಪುಡಿ ಮೇಲ್ಪದರ ತಿಂದು, ಕೈಗೆ ಹತ್ತುವ ಬೂದು ಮಸಿ ಬಿಡುತ್ತದೆ. ಕೊಳ್ಳುವುದಾದರೆ ಉಕ್ಕಿನದೇ ಕೊಳ್ಳಿ.

ಮನೆಯಲ್ಲಿರುವ ಚಕ್ಕುಲಿ ಒರಳಿನಿಂದ ಆಗದೇ ಎಂದು ಕೇಳುವವರಿಗೆ: ಈ ಹಿಟ್ಟು ಚಕ್ಕುಲಿ ಹಿಟ್ಟಿಗಿಂತ ಸಡಿಲ, ಅದರ ಅರ್ಧ ಮೇಲಿಂದಲೇ ಹೊರಬರುತ್ತದೆ. ಬೂಂದಿ ಜಾರ ಆಗುತ್ತದೆ, ಹೋಬೆಲ್‌ನಷ್ಟೇ ಚೆನ್ನಾಗಿ, ಕಾಸಿಲ್ಲದೆ. ಹಿಟ್ಟನ್ನು ಜಾರದ ಮೇಲೆ ಹಾಕಿ ಚಪ್ಪಟೆ ಸೌಟಿನಿಂದ ಸವರಿ.

ಬೂಂದಿ ಜಾರವೂ ಹೋಬೆಲೂ ಕೊಡುವುದು ಗುಂಡನೆಯ ತುಂಡು, ಕ್ನೊಪ್ಫ್ಲೆ. ಅದು ನಕಲಿ ಶ್ಪೆಟ್ಸ್ಲೆ ಎಂಬ ಮಾತು ತಪ್ಪು. 2012ರಲ್ಲಿ ಯುರೋಪಿಯನ್ ಒಕ್ಕೂಟ ಭೌಗೋಳಿಕ ಗುರುತು ಕೊಟ್ಟಾಗ ಶ್ವಾಬೆನ್ನಿನ ಶ್ಪೆಟ್ಸ್ಲೆ, ಕ್ನೊಪ್ಫ್ಲೆ ಎರಡೂ ಒಂದೇ ನೋಂದಣಿಯಲ್ಲಿ ಸೇರಿದವು. ಕ್ಲೊಪ್ಸೆಯ ಬಿಳಿ ಸಾಸ್‌ಗೆ ನಾನೂ ಕ್ನೊಪ್ಫ್ಲೆಯನ್ನೇ ಆರಿಸುತ್ತೇನೆ, ಉದ್ದ ಎಳೆ ಆ ದಪ್ಪ ಸಾಸ್‌ನಲ್ಲಿ ಮುದ್ದೆಗಟ್ಟುತ್ತದೆ.

ಹಲಗೆಗೆ ಬರೋಣ. ಒಂದು ಅಂಚು ಇಳಿಜಾರಾಗಿ ಚೂಪಾಗಿರಬೇಕು, ಹಿಡಿ ಇರಬೇಕು, ಇಷ್ಟೇ. ಅಗಲ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ಹಲಗೆ, ಕೆರೆಪಟ್ಟಿ ಎರಡನ್ನೂ ಆ ಬಿಸಿನೀರಲ್ಲೇ ಒದ್ದೆ ಮಾಡಿ. ಒಣ ಮರಕ್ಕೆ ಹಿಟ್ಟು ಕಚ್ಚಿಕೊಂಡರೆ ಮುಂದೆ ಯಾವುದೂ ಸರಿಹೋಗುವುದಿಲ್ಲ. ಎರಡು ಮೂರು ಚಮಚ ಹಿಟ್ಟು ಮಾತ್ರ ಹಾಕಿ, ಅಂಚಿನತ್ತ ಮೂರು ನಾಲ್ಕು ಮಿಲಿಮೀಟರ್ ತೆಳ್ಳಗೆ ಸವರಿ. ಹಲಗೆಯನ್ನು ಪಾತ್ರೆಯ ಅಂಚಿಗೆ ಒರಗಿಸಿ ತುದಿ ನೀರನ್ನು ಮುಟ್ಟುವಷ್ಟು ಬಾಗಿಸಿ. ಕೆರೆಪಟ್ಟಿಯಿಂದ ಕಿರಿದಾದ ಎಳೆಯನ್ನು ಕತ್ತರಿಸಿದಂತೆ ಬೇರ್ಪಡಿಸಿ ಒಂದೇ ತಳ್ಳಿಗೆ ನೀರಿಗೆ ಬಿಡಿ. ಐದಾರು ಎಳೆಗೊಮ್ಮೆ ಪಟ್ಟಿಯನ್ನು ನೀರಲ್ಲಿ ಅದ್ದಿ.

ಎಳೆ ಹುಳುವಿನಷ್ಟು ದಪ್ಪ ಬಂದರೆ ಸವರಿದ್ದು ದಪ್ಪ. ಹಿಟ್ಟು ತಾನಾಗಿ ಹರಿದರೆ ನೀರು ಹೆಚ್ಚಾಗಿದೆ, ಒಂದು ಹಿಡಿ ಹಿಟ್ಟು ಸೇರಿಸಿ ಹತ್ತು ನಿಮಿಷ ಬಿಡಿ. ಎಳೆ ಹಲಗೆಯ ಅಂಚಿಗೇ ನೇತಾಡಿದರೆ ಪಟ್ಟಿ ಒಣಗಿದೆ. ಮೇಲೆ ತೇಲಿದ ಮೇಲೆ ಅರ್ಧ ನಿಮಿಷ ಕೊಟ್ಟು ಜಾಲರಿ ಸಟ್ಟುಗದಿಂದ ಎತ್ತಿ, ಬೆಣ್ಣೆ ಕರಗಿದ ಬಾಣಲೆಗೆ ಹಾಕಿ. ಒಂದು ಸಲಕ್ಕೆ ಪಾತ್ರೆಯ ಮೇಲ್ಮೈ ತುಂಬುವಷ್ಟೇ ಹಾಕಬೇಕು, ಹೆಚ್ಚಾದರೆ ಅಂಟುತ್ತವೆ. ಕೈ ಪಳಗಲು ಒಂದೆರಡು ಊಟ ಹಿಡಿಯುತ್ತದೆ, ಆ ಊಟಗಳೂ ರುಚಿಯಾಗೇ ಇರುತ್ತವೆ. ಇಲ್ಲಿ ಹಬೆಯ ಕಾಟವಿಲ್ಲ, ಮುಚ್ಚಿಹೋಗಲು ತೂತೇ ಇಲ್ಲ. ಒಂದು ಕಡೆ ತೆಳು, ಒಂದು ಕಡೆ ದಪ್ಪ ಇರುವ ಆ ಎಳೆಯ ಮಡಿಕೆಗಳಲ್ಲಿ ಗ್ರೇವಿ ನಿಲ್ಲುತ್ತದೆ. ಹಲಗೆಯ ಪರ ನನ್ನ ದೊಡ್ಡ ವಾದ ಇದೇ.

ಬಿಲ್ಲೆಗೆ 500 ಗ್ರಾಂ ಕೈಮಾ. ಅಲ್ಲಿ ಹಸು, ಹಂದಿ ಅರ್ಧರ್ಧ. ಹಂದಿ ಸೇರಿದ ಕೈಮಾದಲ್ಲಿ ಕೊಬ್ಬು ಶೇಕಡಾ 30ರವರೆಗೆ ಇರಬಹುದೆಂದು ಯುರೋಪಿನ ನಿಯಮ, ಮೆತ್ತಗಾಗುವುದು ಅದರಿಂದಲೇ. ಕುರಿ ಕೈಮಾ ತರುವವರು ಸ್ವಲ್ಪ ಕೊಬ್ಬು ಸೇರಿಸಿಯೇ ಅರೆಯಲು ಹೇಳಿ, ಬರೀ ಕೆಂಪು ಮಾಂಸ ಹುರಿದರೆ ಬಿರಿಯುತ್ತದೆ. ಒಣಗಿದ ಒಂದು ಬನ್ನು, ಸುಮಾರು 50 ಗ್ರಾಂ, ಹಾಲಲ್ಲಿ ನೆನೆಸಿ ಹಿಂಡಿ ಹಾಕಿ. ನಮ್ಮ ಕೈಮಾ ಉಂಡೆಗೆ ಹಾಕುವ ಹುರಿಗಡಲೆ ಪುಡಿ ಇಲ್ಲಿ ಬೇಡ: ಅದು ಮಾಂಸದ ನೀರನ್ನು ಹೀರಿ ಉಂಡೆಯನ್ನು ಬಿಗಿ ಮಾಡುತ್ತದೆ, ಸಾರಿನಲ್ಲಿ ಬೇಯುವ ಉಂಡೆಗೆ ಅದು ಸರಿ, ನೆನೆದ ಬನ್ನು ತಾನೇ ತೇವ ತರುತ್ತದೆ. ಒಂದು ಮೊಟ್ಟೆ, 9 ಗ್ರಾಂ ಉಪ್ಪು, ಒಂದು ಚಮಚ ಒಣ ಮಾರ್ಜೊರಮ್ (ಮರುಗ), ಒಂದು ಚಮಚ ಸಾಸಿವೆ ಪೇಸ್ಟ್, ಒಂದೆಸಳು ಬೆಳ್ಳುಳ್ಳಿ, ಮೆಣಸು, ಪಾರ್ಸ್ಲಿ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ಪೂರ್ತಿ ಆರಿಸಿ ಸೇರಿಸಿ. ಹಸಿ ಈರುಳ್ಳಿ ಬಾಣಲೆಯಲ್ಲಿ ನೀರು ಬಿಟ್ಟು ಬಿಲ್ಲೆಯನ್ನು ಸೀಳುತ್ತದೆ.

ಉಪ್ಪು ಹಾಕಿದ ಮೇಲೆ ಎರಡು ಮೂರು ನಿಮಿಷ ಚೆನ್ನಾಗಿ ನಾದಿ, ಕೈಗೆ ಅಂಟಬೇಕು. ಅರ್ಧ ಗಂಟೆ ಫ್ರಿಜ್. ಎಂಟು ಬಿಲ್ಲೆ, ಎರಡು ಸೆಂಟಿಮೀಟರ್ ದಪ್ಪ. ವಿಯೆನ್ನಾ ಕಡೆಯವರಲ್ಲಿ ಹಲವರು ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ, ಗರಿಗರಿ ಬರುತ್ತದೆ. ಆದರೆ ಅದೇ ಬಾಣಲೆಯಲ್ಲಿ ಗ್ರೇವಿ ಮಾಡುವುದಾದರೆ ಉದುರಿದ ಪುಡಿ ಕರಟಿ ಕಹಿಯಾಗುತ್ತದೆ. ಹಾಗಾಗಿ ಶ್ಪೆಟ್ಸ್ಲೆ ಜೊತೆಗಿನ ಬಿಲ್ಲೆಗೆ ಪುಡಿ ಹಾಕುವುದಿಲ್ಲ. ಮಧ್ಯಮ ಉರಿಯಲ್ಲಿ ಒಂದೊಂದು ಬದಿ ನಾಲ್ಕೈದು ನಿಮಿಷ, ನಡುಭಾಗ 72 ಡಿಗ್ರಿ. ಬಿಲ್ಲೆ ತೆಗೆದು ಅದೇ ಕೊಬ್ಬಿನಲ್ಲಿ ಒಂದು ಈರುಳ್ಳಿ, ಒಂದು ಚಮಚ ಟೊಮೆಟೊ ಪೇಸ್ಟ್, ಒಂದು ದೊಡ್ಡ ಚಮಚ ಹಿಟ್ಟು ಹುರಿದು, 300 ಮಿಲಿ ಸಾರು ಹಾಕಿ ಹತ್ತು ನಿಮಿಷ ಕುದಿಸಿ.

ಕ್ಲೊಪ್ಸೆ ಕಡಿಮೆ ಮಾತಿನಲ್ಲಿ: ಎಳೆಗರುವಿನ ಕೈಮಾ ಒಳ್ಳೆಯದು, ಎರಡು ಮೂರು ಆಂಚೊವಿ (ಉಪ್ಪಿನಲ್ಲಿಟ್ಟ ಸಣ್ಣ ಮೀನು), ನಿಂಬೆಸಿಪ್ಪೆಯ ತುರಿ, 45 ಗ್ರಾಂ ಉಂಡೆ. ಸಾರು ಕುದಿಯಬಾರದು, 85 ಡಿಗ್ರಿ ಸುತ್ತ 12 ನಿಮಿಷ. ಕುದಿದರೆ ಉಂಡೆ ಒಡೆದು ಸಾರು ಕದಡುತ್ತದೆ. ಬೆಣ್ಣೆ ಹಿಟ್ಟು ತಲಾ 40 ಗ್ರಾಂ, ಸೋಸಿದ ಸಾರು ಅರ್ಧ ಲೀಟರ್, ಕೆನೆ, ಕೇಪರ್, ನಿಂಬೆರಸ. ಕೊನೆಗೆ ಮೊಟ್ಟೆಯ ಹಳದಿ ಸೇರಿಸಿದರೆ ಮತ್ತೆ ಕುದಿಸಬೇಡಿ. ಈಗ ಕಲಿನಿನ್‌ಗ್ರಾಡ್ ಎನ್ನಿಸಿಕೊಂಡಿರುವ ಕ್ಯೋನಿಗ್ಸ್‌ಬೆರ್ಗ್‌ನ ಈ ಅಡುಗೆ ಘನವಾದದ್ದು, ಅದರ ಹುಳಿ ಉಪ್ಪಿನ ಸಾಸ್ ನನಗೆ ತುಂಬ ಹಿಡಿಸುತ್ತದೆ. ನೂಡಲ್ ಜೊತೆಗೆ ಮಾತ್ರ ಅದು ಎರಡನೆಯ ಸ್ಥಾನ.

ನಾಲ್ಕು ಜನರೊಳಗಿನ ಮನೆ, ವಾರಕ್ಕೊಮ್ಮೆ ಮಾಡುವ ರೂಢಿ, ಕಪಾಟಿನಲ್ಲಿ ಜಾಗ ಕಡಿಮೆ ಎಂದಾದರೆ ಹಲಗೆ. ಎಂಟು ಜನರಿಗಿಂತ ಹೆಚ್ಚಾದರೆ, ಕೈಕಸುವು ಇದ್ದರೆ, ಉಕ್ಕಿನ ಪ್ರೆಸ್. ಹೋಬೆಲ್‌ಗೆ ಕೊಡುವ ದುಡ್ಡು ಒಳ್ಳೆಯ ಕೆರೆಪಟ್ಟಿಗೆ ಹಾಕಿ. ಬಾಗದ, ಹಿಡಿಯಿರುವ, ಅಂಗೈಗಿಂತ ತುಸು ಅಗಲದ್ದು. ಶ್ಪೆಟ್ಸ್ಲೆ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಮಾಡಿ. ಉಳಿದದ್ದನ್ನು ಸ್ವಲ್ಪ ಎಣ್ಣೆ ಸವರಿ ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನ ಬೆಣ್ಣೆಯಲ್ಲಿ ಅಂಚು ಕೆಂಪಾಗುವಂತೆ ಹುರಿದು, ಮೇಲೆ ಎರಡು ಮೊಟ್ಟೆ ಒಡೆದು ಹಾಕಿ ಕಲಸಬಹುದು. ವಿಯೆನ್ನಾದವರು ಶ್ಪೆಟ್ಸ್ಲೆಯಂಥದೇ ಹಿಟ್ಟಿನ ತುಂಡಾದ ನೊಕರ್ಲ್‌ಗೆ ಹೀಗೆ ಮಾಡಿ ಹಸಿರು ಸಲಾಡ್ ಜೊತೆ ತಿನ್ನುತ್ತಾರೆ.