ಹಿಂಬದಿಯ ಡೆಕ್ಕಿನಿಂದ ಕಂಡ ಬಾಣಬಿರುಸು

ಬಾಣಬಿರುಸನ್ನು ಒಮ್ಮೆಯಾದರೂ ನೀರಿನ ಮೇಲಿಂದ ನೋಡಬೇಕೆಂಬುದು ನನ್ನ ಅಮ್ಮನ ಬಹುದಿನಗಳ ಆಸೆಯಾಗಿತ್ತು. ದಡದಲ್ಲಿ ನಿಂತು ನೋಡಿದಾಗಲೆಲ್ಲ ನಮ್ಮ ಪಾಲಿಗೆ ಬಂದದ್ದು ಮುಂದಿನವರ ತಲೆಗಳು, ಕಣ್ಣಿಗೆ ರಾಚುವ ಬೀದಿದೀಪಗಳು ಮತ್ತು ಮನೆಗೆ ಮರಳುವಾಗಿನ ನೂಕುನುಗ್ಗಲು. ಹಾಗಾಗಿ ಈ ಬಾರಿ ಸಂಜೆಯ ದೋಣಿವಿಹಾರವೊಂದಕ್ಕೆ ಮೂರು ಟಿಕೆಟ್ ಕಾದಿರಿಸಿ, ಎಪ್ಪತ್ತು ದಾಟಿದ ಅಮ್ಮನನ್ನೂ ಎಂಟು ವರ್ಷದ ಅಕ್ಕನ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಎರಡು ಅಂತಸ್ತಿನ ದೋಣಿ, ಒಟ್ಟು ಮೂರೂವರೆ ಗಂಟೆಯ ವಿಹಾರ, ಅದರಲ್ಲಿ ಬಾಣಬಿರುಸು 20 ನಿಮಿಷ. ಆ 20 ನಿಮಿಷಗಳಲ್ಲಿ ನಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತೀರ್ಮಾನಿಸುವವರು ಚುಕ್ಕಾಣಿ ಹಿಡಿದವರು. ಟಿಕೆಟ್ ಕೊಳ್ಳುವಾಗ ಇದು ನನಗೆ ತಿಳಿದಿರಲಿಲ್ಲ. ಅದು ತಿಳಿದಿದ್ದರೆ ನಾನು ಬೇರೆ ದರ್ಜೆಯ ಟಿಕೆಟ್ ಕೊಳ್ಳುತ್ತಿದ್ದೆ.

ಟಿಕೆಟಿನಲ್ಲಿ ಎರಡು ದರ್ಜೆಗಳಿದ್ದವು. ದೋಣಿಯ ಮೂತಿಯ ಕಡೆಗಿರುವ ತೆರೆದ ಡೆಕ್ಕಿಗೆ ಹೆಚ್ಚಿನ ದರ, ಉಳಿದೆಡೆಗೆ ಸಾಮಾನ್ಯ ದರ. ಮುಂದೆ ಕುಳಿತರೆ ಚೆನ್ನಾಗಿ ಕಾಣುತ್ತದೆ ಎಂಬ ಸಹಜ ಎಣಿಕೆಯಿಂದ ನಾನು ಹೆಚ್ಚಿನ ದರದ್ದನ್ನೇ ಆರಿಸಿದೆ. ಸಿಡಿಮದ್ದು ಹಾರಿಸುವ ಬಾರ್ಜಿನಿಂದ (ಚಪ್ಪಟೆ ತಳದ ದೊಡ್ಡ ದೋಣಿಯಿಂದ) ಅರ್ಧ ಕಿಲೋಮೀಟರಿನೊಳಗೆ ದೋಣಿ ನಿಲ್ಲುತ್ತದೆ ಎಂಬ ಭರವಸೆಯೂ ಅವರ ಪ್ರಕಟಣೆಯಲ್ಲಿತ್ತು.

ಹತ್ತುವ ವ್ಯವಸ್ಥೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ದಡಕ್ಕೂ ದೋಣಿಗೂ ನಡುವೆ ಹಾಕಿದ್ದ ಹಲಗೆಗೆ ಎರಡೂ ಬದಿಯಲ್ಲಿ ಹಿಡಿಕೆಯಿತ್ತು, ಅದರ ಎರಡೂ ತುದಿಯಲ್ಲಿ ಒಬ್ಬೊಬ್ಬ ಸಿಬ್ಬಂದಿ ನಿಂತಿದ್ದರು. ಮಂಡಿನೋವಿನ ಅಮ್ಮ ಹಲಗೆಯ ಮೇಲೆ ಅಳುಕುತ್ತ ನಿಂತಾಗ ಆ ಸಿಬ್ಬಂದಿಯಲ್ಲೊಬ್ಬ ಹುಡುಗ, “ಅವಸರ ಬೇಡ ಅಮ್ಮಾ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದು ಎತ್ತಿ” ಎಂದು ಹೇಳಿ, ಹಿಂದೆ ಸಾಲುಗಟ್ಟಿದ್ದವರನ್ನು ತಡೆದು ನಿಲ್ಲಿಸಿದರು. ಮಕ್ಕಳ ಅಳತೆಯ ಲೈಫ್ ಜಾಕೆಟ್ಟುಗಳನ್ನು ಬೇರೆಯಾಗಿಯೇ ಇಟ್ಟಿದ್ದರು. ನೀರಿಗೆ ಬಿದ್ದಾಗ ಜಾಕೆಟ್ಟು ತಲೆಯ ಮೇಲಿಂದ ಜಾರಿಹೋಗದಂತೆ ಕಾಲುಗಳ ನಡುವೆ ಹಾಯಿಸುವ ಪಟ್ಟಿಯನ್ನೂ ಬಿಗಿದುಕೊಟ್ಟರು. ದೊಡ್ಡವರ ಜಾಕೆಟ್ಟನ್ನೇ ಮಕ್ಕಳಿಗೆ ಸುತ್ತಿ ಕಳುಹಿಸುವವರನ್ನು ನಾನು ಬೇರೆಡೆ ಕಂಡಿರುವುದರಿಂದ ಈ ಎಚ್ಚರ ನನಗೆ ಬಹಳ ಸಮಾಧಾನ ತಂದಿತು. ಪ್ರಯಾಣಿಕರ ಮಿತಿ 90 ಎಂದು ಫಲಕದಲ್ಲಿ ಬರೆದಿತ್ತು, ಹತ್ತಿದವರು ಅದಕ್ಕಿಂತ ಕಡಿಮೆಯೇ ಇದ್ದರು.

7 ಗಂಟೆಗೆ ಹೊರಟಾಗ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕತ್ತಲಾಗುತ್ತಿದ್ದಂತೆ ಸುತ್ತಲಿನ ದೋಣಿಗಳಲ್ಲಿ ದೀಪಗಳು ಹೊತ್ತಿಕೊಂಡವು. ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂದೆ ಬಿಳಿ ಎಂಬ ನಿಯಮವನ್ನು ಸಿಬ್ಬಂದಿಯೊಬ್ಬರು ಹುಡುಗನಿಗೆ ಹೇಳಿಕೊಟ್ಟರು. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿ ನೇರವಾಗಿ ನಮ್ಮತ್ತಲೇ ಬರುತ್ತಿದೆ ಎಂದರ್ಥ. ಇದನ್ನು ಕಲಿತ ಮೇಲೆ ಅವನು ಒಂದು ಗಂಟೆ ಕಾಲ ಕಾವಲುಗಾರನಂತೆ ಕಟಕಟೆಯ ಬಳಿಯೇ ಕುಳಿತಿದ್ದ. ಕಾಯುವ ಹೊತ್ತನ್ನು ಇಷ್ಟು ಸುಲಭವಾಗಿ ಕಳೆಯಲು ನೆರವಾದ ಆ ಸಿಬ್ಬಂದಿಗೆ ನಾನು ಕೃತಜ್ಞಳಾಗಿದ್ದೇನೆ.

8 ಗಂಟೆಯ ಹೊತ್ತಿಗೆ ಬಾರ್ಜಿನ ಆಚೆ, ಸಮುದ್ರದ ಕಡೆಗೆ, ಹತ್ತಾರು ದೋಣಿಗಳು ಸೇರಿದ್ದವು. ನಾವೂ ಅವುಗಳ ನಡುವೆಯೇ ಇದ್ದೆವು. ಗಾಳಿ ಬರುವ ಕಡೆ ನಿಂತರೆ ಹೊಗೆ ನಮ್ಮಿಂದ ದೂರಕ್ಕೆ ಹೋಗುತ್ತದೆ, ಆದ್ದರಿಂದ ಆ ಜಾಗವನ್ನು ಆರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಎಂಟೂಕಾಲರ ಸುಮಾರಿಗೆ ಗಾಳಿ ನಿಂತಂತಾಗಿ, ದೋಣಿಯ ಬಾವುಟ ಕಂಬಕ್ಕೆ ಅಂಟಿಕೊಂಡಿತು. ನಮ್ಮ ದೋಣಿಯ ಚುಕ್ಕಾಣಿ ಹಿಡಿದಿದ್ದ ಹಿರಿಯರು ಹೊರಗೆ ಬಂದು, ಸ್ವಲ್ಪ ಹೊತ್ತು ದಡದತ್ತ ಮುಖ ಮಾಡಿ ನಿಂತು, ಒಳಗೆ ಹೋಗಿ ಇಂಜಿನ್ ಚಾಲೂ ಮಾಡಿ, ದೂರದಿಂದ ಬಳಸಿಕೊಂಡು ಬಾರ್ಜಿಗೂ ದಡಕ್ಕೂ ನಡುವಿನ ನೀರಿಗೆ ದೋಣಿಯನ್ನು ತಂದರು. ಅಲ್ಲಿ ನಮ್ಮ ಜೊತೆಗೆ ಬೇರೆ ಎರಡು ದೋಣಿಗಳು ಮಾತ್ರ ಇದ್ದವು. ಒಳ್ಳೆಯ ಜಾಗವನ್ನು ಬಿಟ್ಟುಬಂದರೆಂದು ಪ್ರಯಾಣಿಕರಲ್ಲಿ ಹಲವರು ಗೊಣಗಿದರು, ಒಬ್ಬರಂತೂ ಜೋರಾಗಿಯೇ ಆಕ್ಷೇಪಿಸಿದರು. ನನ್ನ ಮನಸ್ಸಿನಲ್ಲಿಯೂ ಅದೇ ಅಸಮಾಧಾನವಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅವರ ಲೆಕ್ಕಾಚಾರ ಹೀಗಿತ್ತು. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುವುದರಿಂದ ಗಾಳಿ ಸಮುದ್ರದಿಂದ ದಡದತ್ತ ಬೀಸುತ್ತದೆ. ಕತ್ತಲಾದ ಮೇಲೆ ನೆಲವೇ ಬೇಗ ತಣ್ಣಗಾಗಿ, ಗಾಳಿ ತಿರುಗಿ ದಡದಿಂದ ಸಮುದ್ರದತ್ತ ಬೀಸತೊಡಗುತ್ತದೆ. ಈ ತಿರುವಿನ ನಡುವೆ ಗಾಳಿ ಸ್ವಲ್ಪ ಹೊತ್ತು ಸ್ತಬ್ಧವಾಗುತ್ತದೆ. ಬಾವುಟ ಕೆಳಗಿಳಿದದ್ದನ್ನು ನಾವೆಲ್ಲರೂ ನೋಡಿದ್ದೆವು, ಆದರೆ ಅದರ ಅರ್ಥವನ್ನು ಓದಿದವರು ಅವರೊಬ್ಬರೇ. ಒಂಬತ್ತಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ ದಡದ ಕಡೆಯಿಂದ ತಂಪಾದ ಗಾಳಿ ಮೆಲ್ಲಗೆ ಬೀಸಲಾರಂಭಿಸಿತು. ಬಾಣಬಿರುಸು ಶುರುವಾಗಿ ಮೂರು ನಿಮಿಷ ಆಗುವಷ್ಟರಲ್ಲಿ ದಟ್ಟವಾದ ಹೊಗೆ ನಾವು ಬಿಟ್ಟುಬಂದಿದ್ದ ದೋಣಿಗಳ ಮೇಲೆ ಹೋಗಿ ಕವಿಯಿತು. ಆ ಕಡೆಯ ದೀಪಗಳು ಒಂದೊಂದಾಗಿ ಮಸುಕಾದುದನ್ನು ಕಂಡು ನಮ್ಮ ದೋಣಿಯಲ್ಲಿ ಗೊಣಗಾಟ ತಾನಾಗಿಯೇ ನಿಂತಿತು. ಅಲ್ಲಿಯೇ ಉಳಿದಿದ್ದರೆ ನಮಗೆ ಬಣ್ಣ ಬಳಿದ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಈಗ ಟಿಕೆಟಿನ ದರ್ಜೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಸೇವೆಯ ದೊಡ್ಡ ಕೊರತೆ ಅಲ್ಲಿದೆ. ನೀರಿನ ಸೆಳೆತ ಹೆಚ್ಚಿಲ್ಲದ ಕಡೆ, ಮೂತಿಯಿಂದ ಲಂಗರು ಇಳಿಸಿದ ದೋಣಿ ತಾನಾಗಿಯೇ ಗಾಳಿಗೆ ಎದುರಾಗಿ ತಿರುಗಿ ನಿಲ್ಲುತ್ತದೆ. ಹೊಗೆ ತಾಗದಿರಬೇಕಾದರೆ ದೋಣಿ ಬಾರ್ಜಿಗಿಂತ ಗಾಳಿ ಬರುವ ಕಡೆಗೇ ಇರಬೇಕು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಳ್ಳೆಯ ಜಾಗದಲ್ಲಿ ಲಂಗರು ಹಾಕಿದ ದೋಣಿಯ ಬೆನ್ನು ಬಾರ್ಜಿನ ಕಡೆಗಿರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಹೆಚ್ಚಿನ ದರ ಕೊಟ್ಟು ಮೂತಿಯ ಕಡೆ ಕುಳಿತ ನಮ್ಮೆಲ್ಲರ ಎದುರಿಗೆ ದಡದ ಕಟ್ಟಡಗಳಿದ್ದವು. ಬಾಣಬಿರುಸು ನಮ್ಮ ಬೆನ್ನ ಹಿಂದೆ, ಚುಕ್ಕಾಣಿಯ ಕೋಣೆಯ ಆಚೆಗಿತ್ತು. ನದಿಯಲ್ಲಾದರೆ ದೋಣಿ ಹರಿವಿಗೆ ಎದುರಾಗಿ ನಿಲ್ಲುವುದರಿಂದ ಲೆಕ್ಕ ಬೇರೆಯಾಗಬಹುದು, ಆದರೆ ಈ ನೀರಿನಲ್ಲಿ ವರ್ಷಗಳಿಂದ ದೋಣಿ ನಡೆಸುವವರಿಗೆ ಇದು ತಿಳಿಯದ ಸಂಗತಿಯಲ್ಲ. ಹೀಗಿದ್ದೂ ಮುಂಭಾಗವನ್ನು ಶ್ರೇಷ್ಠ ದರ್ಜೆಯೆಂದು ಮಾರುವುದು ನ್ಯಾಯವಲ್ಲ.

ಇದರ ಪರಿಣಾಮವಾಗಿ ಮುಂದಿದ್ದವರೆಲ್ಲ ಏಕಕಾಲಕ್ಕೆ ಎದ್ದು ಹಿಂದಕ್ಕೆ ಹೊರಟರು. ಸಿಬ್ಬಂದಿ ಅವರನ್ನು ತಡೆದದ್ದು ಸರಿಯಾಗಿಯೇ ಇತ್ತು. ಜನರೆಲ್ಲ ಒಂದೇ ಬದಿಗೆ ಸೇರಿದರೆ ದೋಣಿ ಆ ಕಡೆಗೆ ವಾಲುತ್ತದೆ, ಅದರಲ್ಲಿಯೂ ಮೇಲಂತಸ್ತಿನಲ್ಲಿ ಭಾರ ಹೆಚ್ಚಿದಷ್ಟೂ ವಾಲಿದ ದೋಣಿ ಸರಿಯಾಗಿ ನಿಲ್ಲುವ ಬಲ ಕುಗ್ಗುತ್ತದೆ. ಅವರು ಜನರನ್ನು ಎರಡು ಬದಿಗೂ ಹಂಚಿ, ಕೆಳಗಿನ ಹಿಂಬದಿಯ ಡೆಕ್ಕಿನಲ್ಲಿ ಜಾಗವಿರುವಷ್ಟು ಮಂದಿಯನ್ನು ಮಾತ್ರ ಬಿಟ್ಟರು. ವಯಸ್ಸಾದವರಿಗೆ ಮೊದಲ ಅವಕಾಶ ಕೊಟ್ಟದ್ದರಿಂದ ಅಮ್ಮನಿಗೆ ಅಲ್ಲೊಂದು ಕುರ್ಚಿ ಸಿಕ್ಕಿತು, ಅವಳ ಪಕ್ಕದಲ್ಲಿ ನಾವಿಬ್ಬರೂ ನಿಂತೆವು. ಎಲ್ಲರಿಗೂ ನಮ್ಮಷ್ಟು ಅನುಕೂಲವಾಗಲಿಲ್ಲ. ಜನರೇಟರಿನ ಹೊಗೆಯ ವಾಸನೆ ಆಗಾಗ ಹಿಂಬದಿಗೆ ಬರುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು.

ಅರ್ಧ ಕಿಲೋಮೀಟರಿನ ಭರವಸೆಯನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಬೆಳಕು ತಲುಪಲು ಹಿಡಿಯುವ ಹೊತ್ತು ಲೆಕ್ಕಕ್ಕೆ ಬರುವಷ್ಟಿಲ್ಲ. ಗೋಳ, ಅಂದರೆ ಮೇಲೆ ಹಾರಿ ಸಿಡಿಯುವ ಮದ್ದಿನ ಉಂಡೆ, ಸಿಡಿದ ಮಿಂಚಿಗೂ ಅದರ ಸದ್ದಿಗೂ ನಡುವೆ ನಾನು ಹಲವು ಬಾರಿ ಎಣಿಸಿದಾಗ ಎರಡು ಸೆಕೆಂಡಿಗಿಂತ ತುಸು ಹೆಚ್ಚೇ ಆಗುತ್ತಿತ್ತು. ಅಂದರೆ ನಾವಿದ್ದದ್ದು 700 ಮೀಟರಿನ ಆಸುಪಾಸಿನಲ್ಲಿ. ಪ್ರಕಟಣೆಯ ಮಾತು ನಿಜವಾಗಲಿಲ್ಲ, ಆದರೂ ಈ ದೂರದ ಬಗ್ಗೆ ನನಗೆ ಅಸಮಾಧಾನವಿಲ್ಲ. 15 ಸೆಂಟಿಮೀಟರ್ ಅಡ್ಡಳತೆಯ ಗೋಳವೊಂದು ಸಿಡಿಯುವುದು ಸುಮಾರು 180ರಿಂದ 200 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದ್ದನ್ನು ತೀರ ಹತ್ತಿರದಿಂದ ನೋಡಿದರೆ ಕತ್ತು ನೋಯುತ್ತದೆ, ನೀರಿನಲ್ಲಿನ ಬಿಂಬವೂ ನೋಟದಿಂದ ತಪ್ಪಿಹೋಗುತ್ತದೆ. ನಾವಿದ್ದ ದೂರದಿಂದ ಆಕಾಶ, ನೀರು ಎರಡೂ ಒಂದೇ ನೋಟಕ್ಕೆ ದಕ್ಕುತ್ತಿದ್ದವು. ಮಕ್ಕಳ ಕಿವಿಗೂ ಅದು ಹಿತವಾದ ದೂರವೇ ಆಗಿತ್ತು.

ನೀರಿನ ಮೇಲಿಂದ ನೋಡುವುದರಲ್ಲಿ ಇರುವ ವಿಶೇಷವನ್ನು ಹೇಳಲು ನೀಲಿ ಬಣ್ಣವೊಂದೇ ಸಾಕು. ಬಾಣಬಿರುಸಿನ ಕೆಂಪು ಸ್ಟ್ರಾನ್ಷಿಯಂ ಲವಣಗಳಿಂದ, ಹಸಿರು ಬೇರಿಯಂನಿಂದ, ಹಳದಿ ಸೋಡಿಯಂನಿಂದ, ನೀಲಿ ತಾಮ್ರದಿಂದ ಬರುತ್ತದೆ. ಇವುಗಳಲ್ಲಿ ನೀಲಿಯನ್ನು ಸಾಧಿಸುವುದು ಎಲ್ಲಕ್ಕಿಂತ ಕಷ್ಟ. ಶಾಖ ಹೆಚ್ಚಾದರೆ ಆ ಬಣ್ಣ ಕೊಡುವ ತಾಮ್ರದ ಸಂಯುಕ್ತವೇ ಒಡೆದುಹೋಗುತ್ತದೆ, ಕಡಿಮೆಯಾದರೆ ಬೆಳಕು ಮಂಕಾಗುತ್ತದೆ. ಹೀಗೆ ಹುಟ್ಟುವ ಸೂಕ್ಷ್ಮವಾದ ನೀಲಿ ದಡದ ದೀಪಗಳ ನಡುವೆ ಎಂದೂ ನನ್ನ ಕಣ್ಣಿಗೆ ಸರಿಯಾಗಿ ಬಿದ್ದಿರಲಿಲ್ಲ. ಇಲ್ಲಿ ಎದುರಿಗೆ ಕತ್ತಲ ಸಮುದ್ರವಲ್ಲದೆ ಬೇರೇನೂ ಇರಲಿಲ್ಲ. ಮೊದಲ ನೀಲಿ ಗೋಳ ಅರಳಿದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು.

ಇದ್ದಿಲಿನ ಅಂಶ ಹೆಚ್ಚಿರುವ ಚಿನ್ನದ ಬಣ್ಣದ ಗೋಳಗಳು ನಿಧಾನವಾಗಿ ಉರಿಯುತ್ತವೆ. ಅವುಗಳ ಕಿಡಿಗಳು ಬಿಚ್ಚಿದ ಜಡೆಯ ಎಳೆಗಳಂತೆ ಇಳಿಯುತ್ತ ಬರುವಾಗ, ಕೆಳಗಿನಿಂದ ಅವುಗಳ ಬಿಂಬವೂ ಮೇಲೇರಿ ಬರುವುದು ಕಾಣುತ್ತಿತ್ತು. ನೀರು ಕನ್ನಡಿಯಂತೆ ನಿಶ್ಚಲವಾಗಿರಲಿಲ್ಲ. ಸಣ್ಣ ಅಲೆಗಳಿದ್ದುದರಿಂದ ಒಂದೊಂದು ಬಿಂಬವೂ ನಮ್ಮತ್ತ ಚಾಚಿದ ಉದ್ದನೆಯ ಬೆಳಕಿನ ಕಂಬವಾಗುತ್ತಿತ್ತು. ನನಗೆ ಅತ್ಯಂತ ಹಿಡಿಸಿದ್ದು ನೀರಿನ ಮಟ್ಟದಲ್ಲಿಯೇ ಸಿಡಿಯುವ ಬಾಣಬಿರುಸು. ಅದು ಅರ್ಧಗೋಳವಾಗಿ ಅರಳುತ್ತದೆ, ಉಳಿದರ್ಧವನ್ನು ನೀರಿನಲ್ಲಿನ ಬಿಂಬ ತುಂಬಿಕೊಡುತ್ತದೆ. ದಡದಲ್ಲಿ ಗುಂಪಿನ ಹಿಂದೆ ನಿಂತವರಿಗೆ ಈ ಕೆಳಮಟ್ಟದ ಭಾಗ ಕಾಣುವುದೇ ಇಲ್ಲ, ಹೀಗೊಂದು ಇದೆಯೆಂದು ನನಗೂ ಅಂದೇ ತಿಳಿದದ್ದು. ಸದ್ದಿನ ವಿಷಯದಲ್ಲಿಯೂ ಒಂದು ವಿಶೇಷವಿತ್ತು. ಪ್ರತಿಯೊಂದು ಸಿಡಿತವೂ ಒಮ್ಮೆ ಎದುರಿನಿಂದ, ಮತ್ತೊಮ್ಮೆ ಬೆನ್ನ ಹಿಂದಿನ ಕಟ್ಟಡಗಳಿಗೆ ಬಡಿದು, ಹೀಗೆ ಎರಡು ಬಾರಿ ಕೇಳಿಸುತ್ತಿತ್ತು. ಹುಡುಗ ಮೊದಮೊದಲು ಹಿಂದೆಯೂ ಬಾಣಬಿರುಸು ಹಾರಿಸುತ್ತಿದ್ದಾರೆಂದು ತಿರುಗಿ ತಿರುಗಿ ನೋಡಿದ.

ದೀಪ ಮತ್ತು ಧ್ವನಿವರ್ಧಕಗಳ ವಿಷಯದಲ್ಲಿ ಮಾತ್ರ ನಾವು ಕೇಳಿ ಪಡೆಯಬೇಕಾಯಿತು. ಕತ್ತಲಿಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆದರೆ ಡೆಕ್ಕಿನ ಬಿಳಿ ದೀಪಗಳು ಒಂಬತ್ತರವರೆಗೂ ಉರಿಯುತ್ತಲೇ ಇದ್ದವು. ಒಬ್ಬರು ವಿನಂತಿಸಿದ ಮೇಲೆ ಮೆಟ್ಟಿಲಿನ ದೀಪ ಹಾಗೂ ನಿಯಮದಂತೆ ಇರಲೇಬೇಕಾದ ದೀಪಗಳನ್ನುಳಿದು ಎಲ್ಲವನ್ನೂ ಆರಿಸಿದರು. ಧ್ವನಿವರ್ಧಕದಲ್ಲಿ ಹಾಡುಗಳು ಮೊಳಗುತ್ತಲೇ ಇದ್ದವು. ಅದನ್ನು ನಿಲ್ಲಿಸಿ ಎಂದು ಕೇಳಿದವಳು ನಾನು. ನೀರಿನ ಮೇಲೆ ತೇಲಿಬರುವ ಸಿಡಿತದ ಸದ್ದು, ಅದರ ಮರುದನಿ, ಅಕ್ಕಪಕ್ಕದ ದೋಣಿಗಳಿಂದ ಏಳುವ ಉದ್ಗಾರ, ಇವೆಲ್ಲ ಕಿವಿಗೆ ಬೀಳಬೇಕಾದರೆ ದೋಣಿ ಮೌನವಾಗಿರಬೇಕು. ಕೇಳಿದ ಕೂಡಲೇ ನಿಲ್ಲಿಸಿದರಾದರೂ ಅಷ್ಟರಲ್ಲಿ ನಾಲ್ಕೈದು ನಿಮಿಷಗಳು ಕಳೆದುಹೋಗಿದ್ದವು. ಇಪ್ಪತ್ತರಲ್ಲಿ ಐದು ಎಂಬುದು ಸಣ್ಣ ನಷ್ಟವಲ್ಲ.

ಫೋಟೊ ತೆಗೆಯುವ ಆಸೆಯಿಂದ ಹೋಗುವವರಿಗೆ ನಿರಾಸೆಯಾದೀತು. ಲಂಗರಿನ ಮೇಲೆ ನಿಂತ ದೋಣಿ ಅತ್ತಿತ್ತ ನಿಧಾನವಾಗಿ ತೂಗಾಡುತ್ತಲೇ ಇರುತ್ತದೆ, ಸ್ಟ್ಯಾಂಡ್ ಹಾಕಿದರೂ ದೋಣಿಯೊಂದಿಗೆ ಅದೂ ಅಲುಗುತ್ತದೆ. ಹೊಟ್ಟೆ ತೊಳಸುವ ತೊಂದರೆ ಇರುವವರಿಗೆ ದೋಣಿ ಸಾಗುವಾಗಿಗಿಂತ ಹೀಗೆ ನಿಂತಿರುವಾಗಲೇ ಹೆಚ್ಚು ಕಷ್ಟ. ಬೆಚ್ಚನೆಯ ಹೊದಿಕೆಯೊಂದನ್ನು ಒಯ್ಯುವುದು ಅಗತ್ಯ, ನೀರಿನ ಮೇಲಿನ ಚಳಿ ದಡದಲ್ಲಿ ಊಹಿಸಿಕೊಂಡದ್ದಕ್ಕಿಂತ ಹೆಚ್ಚಾಗಿರುತ್ತದೆ.

ಮರಳಿ ಬರುವಾಗ ಎಲ್ಲ ದೋಣಿಗಳೂ ಒಟ್ಟಿಗೆ ಹೊರಟದ್ದರಿಂದ ಜೆಟ್ಟಿಯ ಮುಂದೆ 50 ನಿಮಿಷ ಸರದಿ ಕಾಯಬೇಕಾಯಿತು. ಈ ಕಾಯುವಿಕೆ ಅನಿವಾರ್ಯವೆಂದು ನಾನು ಒಪ್ಪುತ್ತೇನೆ, ಒಂದರ ಹಿಂದೆ ಒಂದಾಗಿ ಬರುವುದೇ ಕ್ಷೇಮ. ಆದರೆ ಎಷ್ಟು ಹೊತ್ತಾಗಬಹುದೆಂದು ಯಾರೂ ತಿಳಿಸಲಿಲ್ಲ. ನಿದ್ದೆಗೆ ಜಾರಿದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರಿಗೆ ಒಂದು ಮಾತು ಹೇಳುವುದು ಕಷ್ಟದ ಕೆಲಸವಾಗಿರಲಿಲ್ಲ. ಇಳಿಯುವಾಗ ಹಲಗೆಯ ಬಳಿ ಮತ್ತೆ ಅದೇ ಸಿಬ್ಬಂದಿ ಹುಡುಗ ಅಮ್ಮನ ಕೈಹಿಡಿದು ನೆರವಾದರು. ಅಮ್ಮ ಚುಕ್ಕಾಣಿಯ ಕೋಣೆಯ ಮುಂದೆ ನಿಂತು, ಒಳಗಿದ್ದ ಹಿರಿಯರಿಗೆ ಕೈಮುಗಿದೇ ಇಳಿದಳು.

ಮರುದಿನ ಆ ಸಂಸ್ಥೆಗೆ ಪತ್ರ ಬರೆದು, ಮುಂಭಾಗದ ಡೆಕ್ಕಿಗೆ ಹೆಚ್ಚಿನ ದರ ಪಡೆಯುವುದನ್ನು ನಿಲ್ಲಿಸಬೇಕೆಂದೂ, ದೋಣಿ ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ ಎಂಬುದನ್ನು ಹತ್ತುವಾಗಲೇ ತಿಳಿಸಬೇಕೆಂದೂ, ಬಾಣಬಿರುಸಿಗೆ ಅರ್ಧ ಗಂಟೆ ಮೊದಲು ದೀಪಗಳನ್ನೂ ಹಾಡುಗಳನ್ನೂ ನಿಲ್ಲಿಸಬೇಕೆಂದೂ ಕೋರಿದೆ. ದರದ ವ್ಯತ್ಯಾಸವನ್ನು ಹಿಂದಿರುಗಿಸುವುದಾಗಿ ಉತ್ತರ ಬಂದಿದೆ. ಉಳಿದ ಎರಡು ಕೋರಿಕೆಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ಮುಂದಿನ ಬಾರಿಗೆ ಅದೇ ದೋಣಿಯಲ್ಲಿ, ಚುಕ್ಕಾಣಿ ಅದೇ ಹಿರಿಯರ ಕೈಯಲ್ಲಿರುತ್ತದೆಯೇ ಎಂದು ಕೇಳಿ ತಿಳಿದುಕೊಂಡು, ಕೆಳಗಿನ ಹಿಂಬದಿಯ ಡೆಕ್ಕಿನಲ್ಲಿ ಸಾಮಾನ್ಯ ದರದ ನಾಲ್ಕು ಟಿಕೆಟ್ ಕಾದಿರಿಸಿದ್ದೇನೆ. ಅಕ್ಕನೂ ಬರುತ್ತಾಳಂತೆ.