ಸ್ಪಾರ್ಸ್ ಮ್ಯಾಟ್ರಿಕ್ಸ್ ಫೈಲು ಎರರ್ ಇಲ್ದೆ ಲೋಡ್ ಆಯ್ತು ಅಂತ ನಂಬ್ಬೇಡಿ
ಮ್ಯಾಟ್‌ಲ್ಯಾಬಿಂದ ಪೈಥಾನ್‌ಗೆ ಸ್ಪಾರ್ಸ್ ಮ್ಯಾಟ್ರಿಕ್ಸ್ (ಬಹುಪಾಲು ಸೊನ್ನೆಗಳೇ ಇರೋ ಮ್ಯಾಟ್ರಿಕ್ಸ್) ತರೋರು ದಯವಿಟ್ಟು ಓದಿ. ಇನ್ನೊಂದು ಟೀಮ್‌ನೋರು ನಮಗೆ ಒಂದು ಫೈನೈಟ್ ಎಲಿಮೆಂಟ್ ಮಾಡೆಲ್‌ನ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಕಳ್ಸಿದ್ರು, ಬರೀ ಟೆಕ್ಸ್ಟ್ ಫೈಲು, ಸಾಲಿಗೆ ಮೂರು ನಂಬರು: ರೋ, ಕಾಲಮ್, ವ್ಯಾಲ್ಯೂ. ಹೆಡರ್ ಇಲ್ಲ, ಸೈಜ್ ಕೂಡ ಬರ್ದಿಲ್ಲ.

ಮ್ಯಾಟ್‌ಲ್ಯಾಬ್ 1ರಿಂದ ಎಣಿಸತ್ತೆ, ಪೈಥಾನ್‌ನ ಲೆಕ್ಕದ ಲೈಬ್ರರಿ ಸೈಪೈ 0ಯಿಂದ. ಹಾಗೇ ಲೋಡ್ ಮಾಡಿದ್ರೆ ಮೇಲೊಂದು ಖಾಲಿ ರೋ, ಎಡಕ್ಕೊಂದು ಖಾಲಿ ಕಾಲಮ್ ಸೇರ್ಕೊಂಡು ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗತ್ತೆ, ಅಂದ್ರೆ ಇನ್ವರ್ಟ್ ಆಗಲ್ಲ, ಸಮೀಕರಣ ಬಿಡಿಸೋ ಸಾಲ್ವರೇ ಹೇಳ್ಬಿಡತ್ತೆ. ಇದು ಬೇಗ ಸಿಕ್ತು.

ಸಿಗದೇ ಇದ್ದಿದ್ದು ಮುಂದಿನದು. ಮ್ಯಾಟ್ರಿಕ್ಸ್ ಸಿಮೆಟ್ರಿಕ್ (ಡಯಾಗನಲ್ ಮೇಲಿನ ಅರ್ಧ ಕೆಳಗಿನ ಅರ್ಧದ ಕನ್ನಡಿ ಬಿಂಬ), ಹಾಗಾಗಿ ಜಾಗ ಉಳಿಸೋಕೆ ಅವ್ರು ಡಯಾಗನಲ್ ಮತ್ತೆ ಅದರ ಕೆಳಗಿನ ಅರ್ಧ ಮಾತ್ರ ಬರ್ದಿದ್ರು, ಹಾಗಂತ ಎಲ್ಲೂ ಹೇಳಿರ್ಲಿಲ್ಲ. ಡಯಾಗನಲ್‌ನಲ್ಲಿ ಸೊನ್ನೆ ಇಲ್ಲ ಅಂದ್ರೆ ಆ ಅರ್ಧ ಮ್ಯಾಟ್ರಿಕ್ಸ್ ಕೂಡ ಇನ್ವರ್ಟ್ ಆಗತ್ತೆ, ಹಾಗಾಗಿ ಸಾಲ್ವರ್ ಚಕಾರ ಎತ್ತದೆ ಉತ್ತರ ಕೊಡ್ತು, ರೆಸಿಡ್ಯುಯಲ್ಲೂ (ಉತ್ತರಾನ ಸಮೀಕರಣಕ್ಕೆ ವಾಪಸ್ ಹಾಕಿದ್ರೆ ಉಳಿಯೋ ವ್ಯತ್ಯಾಸ) ಸೊನ್ನೆ ಹತ್ರಾನೇ ಇತ್ತು, ನಾವು ಮೆಶ್ ಸರಿ ಇಲ್ವೇನೋ, ಬೌಂಡರಿ ಕಂಡೀಶನ್ ಬೇರೆ ಇದ್ಯೇನೋ ಅಂತ ಹುಡುಕ್ತಾ ಕೂತ್ವಿ. ಎಷ್ಟು ಸಮಯ ಹಾಳಾಯ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರತ್ತೆ.

ಕೊನೆಗೆ ವಿಷಯ ಗೊತ್ತಾಗಿ ಮೇಲಿನ ಅರ್ಧ ತುಂಬಿಸಿದ್ಮೇಲೂ ಉತ್ತರ ತಾಳೆ ಆಗ್ಲಿಲ್ಲ. ಅವ್ರು ಫೈಲ್ ಬರೆಯೋಕೆ ಬಳ್ಸಿದ್ದು ಮ್ಯಾಟ್‌ಲ್ಯಾಬಿನ ಫಂಕ್ಷನ್ ಡಿಎಲ್‌ಎಮ್‌ರೈಟ್. ಪ್ರಿಸಿಶನ್ ಹೇಳ್ದೆ ಇದ್ರೆ ಅದು ಬರೆಯೋದು 5 ಸಿಗ್ನಿಫಿಕೆಂಟ್ ಡಿಜಿಟ್ ಮಾತ್ರ, ಡಬಲ್ ನಂಬರು ಹಾಗೇ ವಾಪಸ್ ಬರ್ಬೇಕಂದ್ರೆ 17 ಬೇಕು. ಕಂಡೀಶನ್ ನಂಬರ್ (ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ದೊಡ್ಡದಾಗ್ಬಹುದು ಅನ್ನೋ ಅಳತೆ) ದೊಡ್ಡದಿರೋ ಮ್ಯಾಟ್ರಿಕ್ಸ್‌ಗೆ 5 ಡಿಜಿಟ್ ಯಾವ ಮೂಲೆಗೂ ಸಾಲಲ್ಲ. ನಮ್ದ್ರಲ್ಲಿ ರೋಗಳು ಒಂದು ಲಕ್ಷದೊಳಗೆ ಇದ್ದಿದ್ದಕ್ಕೆ ಇಂಡೆಕ್ಸ್ ಬಚಾವ್. ಇಲ್ದಿದ್ರೆ ಇಂಡೆಕ್ಸೂ ರೌಂಡ್ ಆಗತ್ತೆ, 123456 ಮತ್ತೆ 123461 ಎರಡೂ 123460 ಆಗ್ಬಿಡತ್ತೆ, ಮೇಲಿಂದ ಸೈಪೈ ಸಿಎಸ್‌ಆರ್ (ಸ್ಪಾರ್ಸ್ ಮ್ಯಾಟ್ರಿಕ್ಸ್ ಇಡೋ ಒಂದು ರೂಪ) ಮಾಡೋವಾಗ ಒಂದೇ ಜಾಗದ ಎಂಟ್ರಿಗಳನ್ನ ಸದ್ದಿಲ್ದೆ ಕೂಡಿಸ್ಬಿಡತ್ತೆ.

ಟೆಕ್ಸ್ಟೇ ಬೇಕಂದ್ರೆ ಮ್ಯಾಟ್ರಿಕ್ಸ್ ಮಾರ್ಕೆಟ್ ಫಾರ್ಮ್ಯಾಟ್‌ನಲ್ಲೇ ಕೇಳಿ. ಮೊದಲ್ನೇ ಸಾಲಲ್ಲೇ ಸಿಮೆಟ್ರಿಕ್ಕಾ ಜನರಲ್ಲಾ ಅಂತ ಇರತ್ತೆ, ಆಮೇಲೆ ಸೈಜು, ಸೈಪೈನ ಎಮ್‌ಎಮ್‌ರೀಡ್ ಇನ್ನರ್ಧ ತಾನೇ ತುಂಬತ್ತೆ. ಆದ್ರೆ ಯಾರೋ ಬರೆದ ರೀಡರ್ ಸ್ಕ್ರಿಪ್ಟ್ ಬೇಡ, ಆ ಸಾಲು ಪರ್ಸೆಂಟ್ ಚಿಹ್ನೆಯಿಂದ ಶುರುವಾಗೋದ್ರಿಂದ ಕಾಮೆಂಟ್ ಅಂತ ಬಿಟ್ಬಿಡೋ ಸ್ಕ್ರಿಪ್ಟುಗಳಿವೆ, ಮತ್ತೆ ಅದೇ ಅರ್ಧ ಮ್ಯಾಟ್ರಿಕ್ಸ್. ಪೈಥಾನ್‌ಗೆ ಅಂತಾನೇ ಆದ್ರೆ ಮ್ಯಾಟ್‌ಲ್ಯಾಬಿನದ್ದೇ ಮ್ಯಾಟ್ ಫೈಲ್ ವಾಸಿ, ಆದ್ರೆ 7.3 ವರ್ಶನ್ ಬೇಡ, ಸೈಪೈನ ಲೋಡ್‌ಮ್ಯಾಟ್ ಅದನ್ನ ಓದಲ್ಲ.

ಫೈಲ್ ಜೊತೆ ಒಂದು ರ‍್ಯಾಂಡಮ್ ವೆಕ್ಟರು, ಮ್ಯಾಟ್ರಿಕ್ಸ್‌ನಿಂದ ಅದನ್ನ ಗುಣಿಸಿ ಬಂದ ಉತ್ತರ, ಎರಡನ್ನೂ ಫುಲ್ ಪ್ರಿಸಿಶನ್‌ನಲ್ಲಿ ಇಸ್ಕೊಳ್ಳಿ. ನಿಮ್ ಕಡೆ ಗುಣಿಸಿ ನೋಡಿ, 12-13 ಡಿಜಿಟ್ ತಾಳೆ ಆಗದೆ ಸಾಲ್ವರ್ ಓಡಿಸ್ಲೇಬೇಡಿ.